ಅಂಬಲಿಯ ಹುಳಿಯಿಂದ ಬಿಯರಿನ ನೊರೆಯವರೆಗೆ: ಮನೆಯಲ್ಲಿ ಹುದುಗಿಸುವ ವಿದ್ಯೆ, ವಿಜ್ಞಾನ ಮತ್ತು ಕಾನೂನು

ನವನಗರ (ಬಾಗಲಕೋಟೆ): ಬೇಸಿಗೆ ಕಾಲಿಟ್ಟಿತೆಂದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಮನೆಗಳಲ್ಲಿ ಜೋಳದ ಅಂಬಲಿಯ ಗಡಿಗೆ ಒಲೆಯ ಪಕ್ಕಕ್ಕೆ ಬರುತ್ತದೆ. ರಾತ್ರಿ ಕಲಸಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಹುಳಿಯೇರಿರುತ್ತದೆ. ಅದನ್ನು ಕಾಯಿಸಿ, ಮಜ್ಜಿಗೆ ಬೆರೆಸಿ ಕುಡಿದರೆ ಹೊಟ್ಟೆ ತಂಪು. ಇಡ್ಲಿಯ ಹಿಟ್ಟು ಪಾತ್ರೆಯ ಅಂಚು ಮೀರಿ ಉಬ್ಬುವುದೂ, ಹಾಲು ಮೊಸರಾಗುವುದೂ ಇದೇ ಜಾತಿಯ ಕ್ರಿಯೆ. ಹುದುಗು ಎಂಬ ಈ ಕ್ರಿಯೆಯನ್ನು ಅರಿಯದ ಅಡುಗೆಮನೆ ಕರ್ನಾಟಕದಲ್ಲಿ ಇಲ್ಲವೆಂದೇ ಹೇಳಬಹುದು.

ಬಿಯರ್ ಕೂಡ ಇದೇ ಹುದುಗಿನ ಕೂಸು. ಪಾಶ್ಚಾತ್ಯ ದೇಶಗಳಲ್ಲಿ ಅದನ್ನು ಮನೆಯಲ್ಲಿಯೇ ತಯಾರಿಸುವುದು ಲಕ್ಷಾಂತರ ಜನರ ಹವ್ಯಾಸ. ಅಮೆರಿಕ, ಬ್ರಿಟನ್ನುಗಳಲ್ಲಿ ನೆಲೆಸಿರುವ ಕನ್ನಡಿಗರಿಗೂ ಇದು ಕಾನೂನುಬದ್ಧವಾಗಿಯೇ ಲಭ್ಯ. ಅದೇ ಕೆಲಸವನ್ನು ನವನಗರದ ಮನೆಯೊಂದರ ಅಡುಗೆಕೋಣೆಯಲ್ಲಿ ಮಾಡಿದರೆ ಮಾತ್ರ ಅಬಕಾರಿ ಅಪರಾಧವಾಗುತ್ತದೆ. ಒಂದೇ ಕ್ರಿಯೆ ಒಂದೆಡೆ ಹವ್ಯಾಸ, ಇನ್ನೊಂದೆಡೆ ಅಪರಾಧ ಆಗುವುದೇಕೆ? ಇದನ್ನು ತಿಳಿಯಬೇಕಾದರೆ ಮೊದಲು ಆ ಪಾತ್ರೆಯೊಳಗೆ ನಡೆಯುವುದೇನು ಎಂಬುದನ್ನು ನೋಡಬೇಕು.

ಮೊಳಕೆಯಲ್ಲಿದೆ ಮೂಲ

ಬಿಯರಿಗೆ ಬೇಕಾದುದು ನಾಲ್ಕೇ ವಸ್ತು: ನೀರು, ಮೊಳಕೆ ಬರಿಸಿದ ಧಾನ್ಯ, ಹಾಪ್ಸ್ ಎಂಬ ಬಳ್ಳಿಯ ಹೂ ಮತ್ತು ಯೀಸ್ಟ್. ಜರ್ಮನಿಯ ಬವೇರಿಯದಲ್ಲಿ 1516ರಲ್ಲಿ ಹೊರಟ ಪ್ರಸಿದ್ಧ ಶುದ್ಧತಾ ಶಾಸನವು ನೀರು, ಬಾರ್ಲಿ, ಹಾಪ್ಸ್ ಈ ಮೂರನ್ನಷ್ಟೇ ಹೆಸರಿಸಿತ್ತು. ಯೀಸ್ಟ್ ಎಂಬ ಜೀವಿಯೊಂದಿದೆ ಎಂಬುದೇ ಆಗ ಯಾರಿಗೂ ತಿಳಿದಿರಲಿಲ್ಲ.

ಧಾನ್ಯದಲ್ಲಿ ಇರುವುದು ಪಿಷ್ಟ. ಯೀಸ್ಟ್ ಪಿಷ್ಟವನ್ನು ತಿನ್ನಲಾರದು. ಅದಕ್ಕೆ ಸಕ್ಕರೆ ಬೇಕು. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಉಪಾಯವನ್ನು ಪ್ರಕೃತಿ ಕಾಳಿನೊಳಗೇ ಇಟ್ಟಿದೆ. ಕಾಳು ನೆನೆದು ಮೊಳೆಯುವಾಗ, ಎಳೆಯ ಸಸಿಯ ಆಹಾರಕ್ಕಾಗಿ ಅಮೈಲೇಸ್ ಎಂಬ ಕಿಣ್ವಗಳು ಹುಟ್ಟಿಕೊಳ್ಳುತ್ತವೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಮಗುವಿಗೆ ಮಾಲ್ಟ್ ಹಿಟ್ಟು ಮಾಡುವ ತಾಯಂದಿರು ಮಾಡುವುದೂ ಇದನ್ನೇ. ಮೊಳಕೆ ಹಿಟ್ಟಿನ ಗಂಜಿ ಸಿಹಿಯಾಗಿರುವುದೂ ತೆಳ್ಳಗಿರುವುದೂ ಈ ಕಿಣ್ವಗಳ ಕೆಲಸದಿಂದಲೇ.

ಬಾರ್ಲಿಯನ್ನು ಸುಮಾರು ಎರಡು ದಿನ ನೆನೆಸಿ, ನಾಲ್ಕಾರು ದಿನ ಮೊಳೆಯಗೊಟ್ಟು, ಬಿಸಿಗಾಳಿಯಲ್ಲಿ ಒಣಗಿಸಿದರೆ ಮಾಲ್ಟ್ ಸಿದ್ಧ. ಹದವಾಗಿ ಒಣಗಿಸಿದರೆ ಹೊಂಬಣ್ಣದ ಬಿಯರ್. ಕಪ್ಪಾಗುವಂತೆ ಹುರಿದರೆ ಕಾಫಿಯ ಛಾಯೆಯ ಸ್ಟೌಟ್. ಇಪ್ಪತ್ತು ಲೀಟರಿನ ಒಂದು ಪಾಕಕ್ಕೆ ಹವ್ಯಾಸಿಗಳು ಸಾಮಾನ್ಯವಾಗಿ 4ರಿಂದ 5 ಕಿಲೋ ಮಾಲ್ಟ್ ಬಳಸುತ್ತಾರೆ.

ಉಷ್ಣಾಂಶದ ಆಟ

ನುಚ್ಚಾದ ಮಾಲ್ಟನ್ನು ಬಿಸಿನೀರಿನಲ್ಲಿ ಒಂದು ತಾಸು ನೆನೆಸುವುದು ಮುಂದಿನ ಹಂತ. ಈ ವಿದ್ಯೆಯ ಜಾಣ್ಮೆಯೆಲ್ಲ ಇಲ್ಲಿದೆ. ನೀರಿನ ಉಷ್ಣಾಂಶ 62ರಿಂದ 65 ಡಿಗ್ರಿ ಸೆಲ್ಸಿಯಸ್‌ನಷ್ಟಿದ್ದರೆ ಬೀಟಾ ಅಮೈಲೇಸ್ ಚುರುಕಾಗಿ, ಯೀಸ್ಟ್ ಸುಲಭವಾಗಿ ತಿನ್ನಬಲ್ಲ ಸಕ್ಕರೆ ಹೆಚ್ಚುತ್ತದೆ. ಬಿಯರ್ ತೆಳುವಾಗಿ, ಒಣ ರುಚಿಯದಾಗಿರುತ್ತದೆ. ಉಷ್ಣಾಂಶ 68ರಿಂದ 72 ಡಿಗ್ರಿಗೆ ಏರಿದರೆ ಆಲ್ಫಾ ಅಮೈಲೇಸ್ ಮೇಲುಗೈ ಪಡೆದು, ಯೀಸ್ಟ್ ತಿನ್ನಲಾಗದ ದೊಡ್ಡ ಸಕ್ಕರೆಗಳು ಉಳಿಯುತ್ತವೆ. ಬಿಯರಿಗೆ ಮೈ ಬರುತ್ತದೆ. ನಾಲ್ಕೈದು ಡಿಗ್ರಿಗಳ ವ್ಯತ್ಯಾಸ ರುಚಿಯನ್ನೇ ಬದಲಿಸುತ್ತದೆ. ಆದುದರಿಂದಲೇ ಈ ಹವ್ಯಾಸದಲ್ಲಿ ಪಾತ್ರೆಗಿಂತ ಉಷ್ಣಮಾಪಕ ಮುಖ್ಯ.

ಹೀಗೆ ದೊರೆತ ಸಿಹಿರಸವನ್ನು ಸೋಸಿ, ಒಂದರಿಂದ ಒಂದೂವರೆ ತಾಸು ಕುದಿಸಿ, ಹಾಪ್ಸ್ ಸೇರಿಸುತ್ತಾರೆ. ಕುದಿತದಿಂದ ರೋಗಾಣುಗಳು ಸಾಯುತ್ತವೆ. ಹಾಪ್ಸ್‌ನಲ್ಲಿರುವ ಆಲ್ಫಾ ಆಮ್ಲಗಳು ರೂಪಾಂತರಗೊಂಡು ಕಹಿಯನ್ನು ನೀಡುತ್ತವೆ. ಅಂಬಲಿಯನ್ನು ಹುಳಿಯಾಗಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳನ್ನು ಹತ್ತಿಕ್ಕುವ ಗುಣವೂ ಈ ಕಹಿಗಿದೆ. ಅಂಬಲಿಗೆ ಬೇಕಾದ ಹುಳಿಯೇ ಬಿಯರಿಗೆ ಕೇಡು. ಹಾಪ್ಸ್ ಬಳ್ಳಿಗೆ ಬೇಸಿಗೆಯಲ್ಲಿ ದೀರ್ಘವಾದ ಹಗಲು, ಚಳಿಗಾಲದಲ್ಲಿ ಕೊರೆಯುವ ಚಳಿ ಬೇಕು. ಭಾರತದಲ್ಲಿ ಅದು ಬೆಳೆದಿರುವುದು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಂಥ ಕಡೆ. ದಖನ್ನಿನ ಬಯಲಿಗೆ ಅದು ಒಗ್ಗದು.

ಕಾಣದ ಕೆಲಸಗಾರ

ಕುದಿಸಿದ ರಸವನ್ನು ಬೇಗನೆ ತಣಿಸಿ ಯೀಸ್ಟ್ ಬೆರೆಸಿದ ಮೇಲೆ ಮನುಷ್ಯನ ಕೆಲಸ ಬಹುತೇಕ ಮುಗಿಯುತ್ತದೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಹೊರಬಿಡುತ್ತದೆ. ರಾಸಾಯನಿಕ ಲೆಕ್ಕದಲ್ಲಿ 100 ಗ್ರಾಂ ಗ್ಲೂಕೋಸ್ ಪೂರ್ತಿ ಹುದುಗಿದರೆ ಸುಮಾರು 51 ಗ್ರಾಂ ಮದ್ಯಸಾರ, 49 ಗ್ರಾಂ ಅನಿಲ. ಇಡ್ಲಿ ಉಬ್ಬಿಸುವುದೂ ಇದೇ ಅನಿಲ. ಬಿಯರಿನ ನೊರೆಯೂ ಇದರಿಂದಲೇ.

ಆಧುನಿಕ ಜೀವವಿಜ್ಞಾನವು ಬಿಯರಿನ ಪೀಪಾಯಿಗೆ ಸಲ್ಲಿಸಬೇಕಾದ ಋಣ ದೊಡ್ಡದು. ಹುದುಗು ಜೀವಿಗಳ ಕ್ರಿಯೆ ಎಂಬುದನ್ನು ಸಾಧಿಸಿ ತೋರಿಸಿದ ಲೂಯಿ ಪಾಶ್ಚರ್, 1876ರಲ್ಲಿ ಬಿಯರನ್ನು ಕುರಿತೇ ಒಂದು ಗ್ರಂಥ ಪ್ರಕಟಿಸಿದರು. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹಾನ್ಸನ್ ಯೀಸ್ಟಿನ ಶುದ್ಧ ತಳಿಯನ್ನು ಬೇರ್ಪಡಿಸಿದರು. ಅದೇ ಪ್ರಯೋಗಾಲಯದಲ್ಲಿ 1909ರಲ್ಲಿ ಸೊರೆನ್ಸನ್ ಆಮ್ಲೀಯತೆಯನ್ನು ಅಳೆಯುವ ಪಿಎಚ್ ಮಾನವನ್ನು ರೂಪಿಸಿದರು. ಹೊಲದ ಮಣ್ಣಿನ ಪರೀಕ್ಷಾ ವರದಿಯಲ್ಲಿ ರೈತ ಇಂದು ನೋಡುವ ಪಿಎಚ್ ಅಂಕಿಯ ತವರು ಬಿಯರ್ ಕಾರ್ಖಾನೆಯ ಪ್ರಯೋಗಾಲಯ ಎಂಬುದು ಕುತೂಹಲಕರ.

ಮದ್ಯಸಾರದ ಪ್ರಮಾಣವನ್ನು ತಿಳಿಯಲು ಸಾಂದ್ರಮಾಪಕ ಸಾಕು. ಹುದುಗುವ ಮೊದಲು ರಸದ ಸಾಪೇಕ್ಷ ಸಾಂದ್ರತೆ 1.048 ಇದ್ದು, ಹುದುಗಿದ ಮೇಲೆ 1.010ಕ್ಕೆ ಇಳಿದರೆ, ವ್ಯತ್ಯಾಸವಾದ 0.038ನ್ನು 131.25ರಿಂದ ಗುಣಿಸಿದಾಗ ಸುಮಾರು ಶೇ 5 ಬರುತ್ತದೆ. ಭಾರತದ ಆಹಾರ ಸುರಕ್ಷತಾ ಮಾನದಂಡಗಳ ಪ್ರಕಾರ ಶೇ 5ರವರೆಗಿನದು ಸಾಮಾನ್ಯ ಬಿಯರ್. ಶೇ 5ಕ್ಕೆ ಮೀರಿ 8ರವರೆಗಿನದು ಕಡು ಬಿಯರ್.

ಬಾಗಲಕೋಟೆಯ ಬಿಸಿಲು, ನೀರು, ಜೋಳ

ಈ ವಿದ್ಯೆ ತಂಪು ನಾಡುಗಳಲ್ಲಿ ಬೆಳೆದುದಕ್ಕೆ ಕಾರಣವಿದೆ. ಏಲ್ ಜಾತಿಯ ಯೀಸ್ಟಿಗೆ 18ರಿಂದ 22 ಡಿಗ್ರಿ, ಲಾಗರ್ ಜಾತಿಯದಕ್ಕೆ 8ರಿಂದ 14 ಡಿಗ್ರಿ ಉಷ್ಣಾಂಶ ಹಿತ. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿಯ ಆಸುಪಾಸಿಗೆ ಏರುವ ಬಾಗಲಕೋಟೆಯ ಬಿಸಿಲಿನಲ್ಲಿ ಅದೇ ಯೀಸ್ಟ್ ಅವಸರದಿಂದ ಕೆಲಸ ಮಾಡಿ, ಘಾಟು ವಾಸನೆಯ ಭಾರ ಮದ್ಯಸಾರಗಳನ್ನು ಹುಟ್ಟಿಸುತ್ತದೆ. ನಾರ್ವೆಯ ರೈತ ಕುಟುಂಬಗಳು ತಲೆಮಾರುಗಳಿಂದ ಒಣಗಿಸಿ ಕಾಪಾಡಿಕೊಂಡು ಬಂದ ಕ್ವೈಕ್ ಎಂಬ ಯೀಸ್ಟ್ ಮಾತ್ರ ಇದಕ್ಕೆ ಅಪವಾದ. ಅದು 35 ಡಿಗ್ರಿಗೂ ಮೀರಿದ ಬಿಸಿಯಲ್ಲಿ ಕೆಡದೆ ಹುದುಗಿಸುತ್ತದೆ. ಚಳಿಯ ನಾಡಿನ ಯೀಸ್ಟ್ ಬಿಸಿಲ ನಾಡಿಗೆ ಒಗ್ಗುವಂತಿರುವುದು ವಿಜ್ಞಾನಿಗಳನ್ನೂ ಬೆರಗುಗೊಳಿಸಿದ ಸಂಗತಿ.

ನೀರಿನದು ಇನ್ನೊಂದು ಕಥೆ. ಬಾಗಲಕೋಟೆ ಸುಣ್ಣಕಲ್ಲಿನ ನೆಲ. ಇಲ್ಲಿ ಸಿಮೆಂಟ್ ಉದ್ಯಮ ಬೇರೂರಿದ್ದು ಅದರಿಂದಲೇ. ಸುಣ್ಣಕಲ್ಲಿನ ಮೂಲಕ ಹಾದ ನೀರು ಕ್ಯಾಲ್ಸಿಯಂ, ಬೈಕಾರ್ಬನೇಟ್ ಹೊತ್ತು ಗಡಸಾಗುತ್ತದೆ. ಬೇಳೆ ಬೇಯದ, ಸಾಬೂನು ನೊರೆಯಾಡದ ನೀರು ಗೃಹಿಣಿಯರಿಗೆ ಪರಿಚಿತವೇ. ಬಿಯರ್ ಲೋಕದಲ್ಲಿ ನೀರಿನ ಗುಣವೇ ಊರಿನ ಹೆಸರನ್ನು ನಿರ್ಧರಿಸಿದೆ. ಝೆಕ್ ದೇಶದ ಪಿಲ್ಸೆನ್ ಊರಿನ ಅತಿ ಮೆದು ನೀರಿನಿಂದ ತಿಳಿ ಲಾಗರ್ ಹುಟ್ಟಿತು; ಇಂಗ್ಲೆಂಡಿನ ಬರ್ಟನ್ ಊರಿನ ಜಿಪ್ಸಂಯುಕ್ತ ಗಡಸು ನೀರಿನಿಂದ ಕಹಿ ಏಲ್ ಹುಟ್ಟಿತು; ಡಬ್ಲಿನ್ನಿನ ಬೈಕಾರ್ಬನೇಟ್ ತುಂಬಿದ ನೀರಿಗೆ ಹೊಂದಿದ್ದು ಕಪ್ಪು ಸ್ಟೌಟ್. ಹುರಿದ ಮಾಲ್ಟಿನ ಆಮ್ಲೀಯತೆ ನೀರಿನ ಕ್ಷಾರವನ್ನು ಸರಿದೂಗಿಸುವುದೇ ಇದರ ಗುಟ್ಟು.

ಇನ್ನು ಧಾನ್ಯ. ಈ ಸೀಮೆಯ ಧಾನ್ಯ ಬಾರ್ಲಿಯಲ್ಲ, ಹಿಂಗಾರಿ ಬಿಳಿಜೋಳ. ಜೋಳದ ತವರಾದ ಆಫ್ರಿಕದಲ್ಲಿ ಅದರಿಂದಲೇ ಬಿಯರ್ ತಯಾರಾಗುತ್ತದೆ. ಬುರ್ಕಿನಾ ಫಾಸೊ ದೇಶದ ದೋಲೊ, ಸುಡಾನಿನ ಮೆರಿಸ್ಸಾ ಇವೆಲ್ಲ ಜೋಳದ ಪೇಯಗಳು. ತಯಾರಿಸುವವರು ಬಹುತೇಕ ಮಹಿಳೆಯರು. ನೈಜೀರಿಯ 1980ರ ದಶಕದ ಕೊನೆಯಲ್ಲಿ ಬಾರ್ಲಿ ಮಾಲ್ಟಿನ ಆಮದನ್ನು ನಿಷೇಧಿಸಿದಾಗ, ಅಲ್ಲಿನ ದೊಡ್ಡ ಕಾರ್ಖಾನೆಗಳೇ ಜೋಳಕ್ಕೆ ಹೊರಳಬೇಕಾಯಿತು. ಗ್ಲುಟೆನ್ ಒಗ್ಗದವರಿಗಾಗಿ ಪಾಶ್ಚಾತ್ಯ ದೇಶಗಳಲ್ಲಿಯೂ ಇಂದು ಜೋಳದ ಬಿಯರ್ ಸಿಗುತ್ತದೆ.

ಜೋಳದ ದಾರಿ ಬಾರ್ಲಿಯಷ್ಟು ಸಲೀಸಲ್ಲ. ಅದರ ಪಿಷ್ಟ ಅರಳಲು 70 ಡಿಗ್ರಿಗೂ ಹೆಚ್ಚಿನ ಬಿಸಿ ಬೇಕು. ಅಷ್ಟು ಬಿಸಿಯಲ್ಲಿ ಬೀಟಾ ಅಮೈಲೇಸ್ ಉಳಿಯದು. ಜೋಳದ ಮೊಳಕೆಯಲ್ಲಿ ಆ ಕಿಣ್ವ ಇರುವುದೂ ಕಡಿಮೆ. ಹೀಗಾಗಿ ಪಿಷ್ಟವನ್ನು ಪ್ರತ್ಯೇಕವಾಗಿ ಬೇಯಿಸಿ, ಆರಿಸಿ, ಬಳಿಕ ಕಿಣ್ವದ ರಸವನ್ನು ಕೂಡಿಸಬೇಕಾಗುತ್ತದೆ. ಮತ್ತೊಂದು ಎಚ್ಚರವೂ ಅಗತ್ಯ. ಎಳೆಯ ಜೋಳದ ಚಿಗುರು ಮೇಯ್ದ ದನ ಹೊಟ್ಟೆಯುಬ್ಬರಿಸಿ, ಏದುಸಿರು ಬಿಟ್ಟು ಬಿದ್ದುಬಿಡುವುದನ್ನು ಇಲ್ಲಿನ ರೈತರು ಬಲ್ಲರು. ಚಿಗುರಿನಲ್ಲಿರುವ ಧುರಿನ್ ಎಂಬ ವಸ್ತು ಸಯನೈಡ್ ವಿಷವನ್ನು ಬಿಡುವುದೇ ಅದಕ್ಕೆ ಕಾರಣ. ಜೋಳದ ಮೊಳಕೆ ಮತ್ತು ಬೇರಿನಲ್ಲಿಯೂ ಅದು ಇರುತ್ತದೆ. ಆದುದರಿಂದ ಮೊಳೆತ ಜೋಳವನ್ನು ಚೆನ್ನಾಗಿ ಒಣಗಿಸಿ, ಮೊಳಕೆ ಮತ್ತು ಬೇರುಗಳನ್ನು ಉಜ್ಜಿ ತೆಗೆದ ಮೇಲೆಯೇ ಬೀಸಬೇಕು. ಬಿಯರ್ ಮಾತ್ರವಲ್ಲ, ಜೋಳದ ಮಾಲ್ಟ್ ಹಿಟ್ಟು ಮಾಡುವವರೂ ಮರೆಯಬಾರದ ಮಾತಿದು.

ಕೌಟಿಲ್ಯನ ವಿನಾಯಿತಿ

ಮನೆಯಲ್ಲಿ ಹುದುಗಿಸುವುದು ಪಶ್ಚಿಮದಿಂದ ಬಂದ ಹೊಸ ಶೋಕಿ ಎಂದು ಭಾವಿಸಬೇಕಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಗೆ ಮೀಸಲಾದ ಅಧ್ಯಾಯವೇ ಇದೆ. ಶತಮಾನಗಳ ಕಾಲ ಮರೆಯಾಗಿದ್ದ ಈ ಗ್ರಂಥದ ತಾಳೆಗರಿ ಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು ಎಂಬುದು ಕನ್ನಡ ನಾಡಿಗೆ ಹೆಮ್ಮೆಯ ವಿಷಯ.

ಆ ಅಧ್ಯಾಯದಲ್ಲಿ ಅಕ್ಕಿಯಿಂದ ಮೇದಕವೆಂಬ ಪೇಯ ಮಾಡುವ ಅಳತೆಯಿದೆ. ಅದಕ್ಕೆ ಬೇಕಾದ ಹುದುಗಿನ ಉಂಡೆಗೆ ಅಲ್ಲಿ ಕಿಣ್ವವೆಂದು ಹೆಸರು. ಉದ್ದು, ಅಕ್ಕಿ ಹಾಗೂ ಕೆಲವು ಮೂಲಿಕೆಗಳಿಂದ ಅದನ್ನು ಮಾಡಬೇಕೆಂದು ವಿಧಿಸಲಾಗಿದೆ. ಇಡ್ಲಿಗೆ ಬೇಕಾದ ಉದ್ದು ಮತ್ತು ಅಕ್ಕಿಯೇ ಅಲ್ಲಿ ಸುರೆಗೂ ಮೂಲ. ಇಂದು ಎನ್‌ಜೈಮ್ ಎಂಬುದಕ್ಕೆ ಕನ್ನಡದ ವಿಜ್ಞಾನ ಪುಸ್ತಕಗಳು ಬಳಸುವ ಕಿಣ್ವ ಎಂಬ ಪದ ಆ ಹಳೆಯ ಹೆಸರೇ ಆಗಿದೆ.

ಕೌಟಿಲ್ಯನ ರಾಜ್ಯದಲ್ಲಿ ಮದ್ಯ ತಯಾರಿಕೆ ಪ್ರಭುತ್ವದ ಹಿಡಿತದಲ್ಲಿತ್ತು. ಆದರೂ ಅವನು ಒಂದು ವಿನಾಯಿತಿ ಕೊಟ್ಟ. ವಿಶೇಷ ಸಂದರ್ಭಗಳಲ್ಲಿ ಗೃಹಸ್ಥರು ಶ್ವೇತಸುರೆಯನ್ನೂ, ಔಷಧಕ್ಕಾಗಿ ಅರಿಷ್ಟವನ್ನೂ ತಾವೇ ಮಾಡಿಕೊಳ್ಳಬಹುದಿತ್ತು. ಆಯುರ್ವೇದದ ಅಂಗಡಿಯಲ್ಲಿ ಇಂದಿಗೂ ದೊರೆಯುವ ಅರಿಷ್ಟ, ಆಸವಗಳಲ್ಲಿ ಹುದುಗಿನಿಂದ ತಾನಾಗಿ ಹುಟ್ಟಿದ ಮದ್ಯಸಾರ ಇದ್ದೇ ಇರುತ್ತದೆ.

ಇದರ ಇನ್ನೊಂದು ಮುಖವನ್ನು ತೋರಿಸಿದವರು ಹನ್ನೆರಡನೆಯ ಶತಮಾನದ ಶರಣರು. ಬಸವಣ್ಣನವರ ಐಕ್ಯಸ್ಥಳ ಕೂಡಲಸಂಗಮ ಇರುವುದು ಇದೇ ಜಿಲ್ಲೆಯಲ್ಲಿ. ಹೆಂಡ ಮಾರುವ ಕಾಯಕದವನಾಗಿದ್ದ ಹೆಂಡದ ಮಾರಯ್ಯನಿಗೂ ಶರಣರ ಸಾಲಿನಲ್ಲಿ ಸ್ಥಾನ ದೊರೆಯಿತು. ಅವನ ವಚನಗಳು ಹೆಂಡದ ಕಾಯಕದ ಪರಿಭಾಷೆಯಲ್ಲಿಯೇ ಆತ್ಮಜ್ಞಾನವನ್ನು ಹೇಳುತ್ತವೆ.

ಕಾನೂನು ಏನು ಹೇಳುತ್ತದೆ?

ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಮದ್ಯದ ತಯಾರಿಕೆ, ಸಂಗ್ರಹ, ಮಾರಾಟ ಇವು ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯಗಳು. 47ನೇ ವಿಧಿಯು ಪಾನನಿರೋಧದತ್ತ ಸಾಗುವಂತೆ ಪ್ರಭುತ್ವಕ್ಕೆ ನಿರ್ದೇಶಿಸುತ್ತದೆ. ರಾಜ್ಯದಲ್ಲಿ ಜಾರಿಯಲ್ಲಿರುವುದು 1965ರ ಕರ್ನಾಟಕ ಅಬಕಾರಿ ಅಧಿನಿಯಮ. ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದನ್ನೂ, ತಯಾರಿಕೆಗಾಗಿ ಸಾಮಗ್ರಿ, ಪಾತ್ರೆ, ಉಪಕರಣ ಇಟ್ಟುಕೊಳ್ಳುವುದನ್ನೂ ಅದು ನಿಷೇಧಿಸುತ್ತದೆ. ಮಾಲ್ಟಿನಿಂದ ಹುದುಗಿಸಿದ ಬಿಯರ್ ಕೂಡ ಮದ್ಯದ ವ್ಯಾಖ್ಯೆಯೊಳಗೇ ಬರುತ್ತದೆ. ಮಾರಾಟಕ್ಕಲ್ಲ, ಸ್ವಂತಕ್ಕೆ ಎಂಬ ಸಮಜಾಯಿಷಿ ಇಲ್ಲಿ ರಕ್ಷಣೆ ನೀಡದು. ಹೊರದೇಶದಿಂದ ಬಂದ ಬಂಧುಗಳು ತಂದುಕೊಟ್ಟ ಬಿಯರ್ ತಯಾರಿಕಾ ಪೆಟ್ಟಿಗೆಯನ್ನು ತೆರೆಯುವ ಮುನ್ನ ತಿಳಿದಿರಬೇಕಾದ ಸಂಗತಿಯಿದು.

ಬ್ರಿಟನ್ನಿನಲ್ಲಿ ಮನೆಯ ಬಿಯರಿಗೆ ಪರವಾನಗಿ ಬೇಕೆಂಬ ನಿಯಮ ರದ್ದಾದುದು 1963ರಲ್ಲಿ. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಮಾಡಿದ ಕಾನೂನು, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಬಿಯರನ್ನು ತೆರಿಗೆಯಿಲ್ಲದೆ ತಯಾರಿಸಿಕೊಳ್ಳಲು ಅವಕಾಶ ನೀಡಿತು. ಆದರೂ ಅಲ್ಲಿನ ಎಲ್ಲ ರಾಜ್ಯಗಳೂ ಒಪ್ಪಲು 2013ರವರೆಗೆ ಕಾಯಬೇಕಾಯಿತು. ಬಟ್ಟಿ ಇಳಿಸಿ ಸಾರಾಯಿ ಮಾಡುವುದಕ್ಕೆ ಮಾತ್ರ ಆ ಕಾನೂನು ಅವಕಾಶ ಕೊಡಲಿಲ್ಲ.

ಕರ್ನಾಟಕದಲ್ಲಿ ಬಿಯರ್ ಉದ್ಯಮದ ಇತಿಹಾಸ ಹಳೆಯದು. ದಕ್ಷಿಣ ಭಾರತದ ಕೆಲವು ಕಾರ್ಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಸಂಸ್ಥೆ ರೂಪುಗೊಂಡುದು 1915ರಲ್ಲಿ. 2010ರ ನಂತರ ಬೆಂಗಳೂರಿನಲ್ಲಿ ಪರವಾನಗಿ ಪಡೆದ ಕಿರು ಬ್ರೂವರಿಗಳು ತಲೆಯೆತ್ತಿದವು. ಗಾಜಿನಾಚೆ ತಾಮ್ರದ, ಉಕ್ಕಿನ ಪಾತ್ರೆಗಳಲ್ಲಿ ಬಿಯರ್ ತಯಾರಾಗುವುದನ್ನು ಗ್ರಾಹಕರು ಅಲ್ಲಿ ಕಣ್ಣಾರೆ ನೋಡಬಹುದು. ದ್ರಾಕ್ಷಿ ಬೆಳೆಯುವ ಬಾಗಲಕೋಟೆ, ವಿಜಯಪುರ ಭಾಗಕ್ಕೆ ಅನುಕೂಲವಾಗಲೆಂದು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಬಂತು. ಇವೆಲ್ಲ ಪರವಾನಗಿಯ ಚೌಕಟ್ಟಿನೊಳಗಿನ ಬೆಳವಣಿಗೆಗಳು; ಅಡುಗೆಮನೆಗೆ ಅವು ವಿಸ್ತರಿಸುವುದಿಲ್ಲ.

ಹುದುಗು ಬೇರೆ, ಭಟ್ಟಿ ಬೇರೆ

ಕಾನೂನಿನ ಈ ಬಿಗಿಯ ಹಿಂದೆ ಕಹಿಯಾದ ನೆನಪುಗಳಿವೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಸೇವಿಸಿ ಮುನ್ನೂರಕ್ಕೂ ಹೆಚ್ಚು ಮಂದಿ ಅಸುನೀಗಿದರು. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಿನಲ್ಲಿ ಬೆಂಗಳೂರು, ಕೋಲಾರ ಹಾಗೂ ನೆರೆಯ ಕೃಷ್ಣಗಿರಿ ಭಾಗದಲ್ಲಿ ಕಳ್ಳಭಟ್ಟಿ ಮತ್ತೆ ನೂರಕ್ಕೂ ಹೆಚ್ಚು ಜೀವ ಬಲಿತೆಗೆದುಕೊಂಡಿತು.

ಇಂಥ ದುರಂತಗಳಲ್ಲಿ ಕೊಲ್ಲುವುದು ಮೆಥನಾಲ್. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಬದಲಾಗಿ ಮೊದಲು ಕಣ್ಣನ್ನು, ಬಳಿಕ ಪ್ರಾಣವನ್ನು ಕಸಿಯುತ್ತದೆ. ಧಾನ್ಯ ಹುದುಗಿದ ಬಿಯರಿನಲ್ಲಿ ಮೆಥನಾಲ್ ಇರುವುದು ಲೆಕ್ಕಕ್ಕೆ ಬಾರದಷ್ಟು ಅಲ್ಪ. ವಿಷಮದ್ಯ ಪ್ರಕರಣಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಕೈಗಾರಿಕೆಯ ಮೆಥನಾಲನ್ನು ಅಗ್ಗದ ಅಮಲಿಗಾಗಿ ಬೆರೆಸುವ ದುಷ್ಕೃತ್ಯ. ಈ ವ್ಯತ್ಯಾಸವನ್ನು ಜನ ಅರಿಯುವುದು ಜೀವ ಉಳಿಸುವ ವಿಷಯ. ಕುಡಿದ ಕೆಲವು ತಾಸುಗಳ ಬಳಿಕ ದೃಷ್ಟಿ ಮಂಜಾದರೆ, ಹೊಟ್ಟೆನೋವು, ವಾಂತಿ ಕಾಣಿಸಿಕೊಂಡರೆ ಅದನ್ನು ಮಾಮೂಲಿ ಅಮಲೆಂದು ಮಲಗಿಸದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಮೊದಲ ತಾಸುಗಳಲ್ಲಿ ಚಿಕಿತ್ಸೆ ದೊರೆತರೆ ಬದುಕುವ ಅವಕಾಶ ಹೆಚ್ಚು.

ಮನೆಯ ಬಿಯರಿನ ಅಪಾಯಗಳು ಬೇರೆ ಬಗೆಯವು. ಹುದುಗು ಮುಗಿಯುವ ಮುನ್ನವೇ ಬಾಟಲಿಯಲ್ಲಿ ತುಂಬಿ ಬಿರಡೆ ಹಾಕಿದರೆ ಅನಿಲದ ಒತ್ತಡಕ್ಕೆ ಗಾಜು ಸಿಡಿಯುತ್ತದೆ. ಪಾತ್ರೆ ಶುಚಿಯಾಗಿಲ್ಲದಿದ್ದರೆ ಇಡೀ ಪಾಕ ಹಳಸುತ್ತದೆ. ಇವೆರಡನ್ನೂ ಶಿಸ್ತಿನಿಂದ ತಪ್ಪಿಸಬಹುದು. ಆದರೆ ಮದ್ಯಸಾರದ ಗುಣ ಮಾತ್ರ ಮನೆಯದಾದರೂ ಕಾರ್ಖಾನೆಯದಾದರೂ ಒಂದೇ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿಯೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸಾರಿತು.

ಚರ್ಚೆಯ ತಕ್ಕಡಿ

ವಯಸ್ಕರು ತಮ್ಮ ಮನೆಯಲ್ಲಿ, ತಮ್ಮ ಬಳಕೆಗೆ, ಅಳತೆ ಮೀರದೆ ಬಿಯರ್ ತಯಾರಿಸಿಕೊಂಡರೆ ಯಾರಿಗೇನು ಹಾನಿ ಎಂಬ ಪ್ರಶ್ನೆ ಅನುಚಿತವೇನಲ್ಲ. ಕೌಟಿಲ್ಯನ ವಿನಾಯಿತಿಯೂ, ಬ್ರಿಟನ್, ಅಮೆರಿಕಗಳ ಅನುಭವವೂ ಅದರ ಬೆನ್ನಿಗಿವೆ. ತಕ್ಕಡಿಯ ಇನ್ನೊಂದು ತಟ್ಟೆಯೂ ಹಗುರವಾದುದಲ್ಲ. 2019ರ ಜನವರಿಯಲ್ಲಿ ರಾಜ್ಯದ ನಾನಾ ಹಳ್ಳಿಗಳ ಸಾವಿರಾರು ಮಹಿಳೆಯರು ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಗಂಡನ ಕೂಲಿ ಸಂಜೆಯೊಳಗೆ ಅಂಗಡಿಗೆ ಸೇರುವ ಮನೆಗಳಿಂದ ಬಂದವರು ಅವರಲ್ಲಿ ಅನೇಕರು. ನಗರದ ಹವ್ಯಾಸಿಗೆ ಕೊಟ್ಟ ವಿನಾಯಿತಿ ಹಳ್ಳಿಯ ಕಳ್ಳಭಟ್ಟಿಯವನಿಗೆ ಮುಖವಾಡವಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದಕ್ಕೆ ಉತ್ತರ ದೊರೆಯದೆ ಕಾನೂನು ಸಡಿಲಿಸುವುದು ಯಾವ ಸರ್ಕಾರಕ್ಕೂ ಸುಲಭವಲ್ಲ. ಅದನ್ನು ತೀರ್ಮಾನಿಸಬೇಕಾದುದು ಶಾಸನಸಭೆ.

ಅಲ್ಲಿಯವರೆಗೆ ಮೊಳಕೆಯ, ಕಿಣ್ವದ, ಹುದುಗಿನ ವಿಜ್ಞಾನವನ್ನು ಕಲಿಯಲು ಯಾವ ಪರವಾನಗಿಯೂ ಬೇಕಿಲ್ಲ. ಮೊಳೆತ ರಾಗಿಯ ಒಂದು ಹಿಡಿ ಹಿಟ್ಟನ್ನು ಗಟ್ಟಿ ಗಂಜಿಗೆ 65 ಡಿಗ್ರಿಯ ಬಿಸಿಯಲ್ಲಿ ಕಲಸಿ ಅರ್ಧ ತಾಸು ಇಟ್ಟು ನೋಡಿದರೆ ಸಾಕು. ಗಂಜಿ ನೀರಾಗುವುದನ್ನೂ, ಸಿಹಿಯಾಗುವುದನ್ನೂ ಶಾಲೆಯ ಮಕ್ಕಳೂ ಕಾಣಬಹುದು. ಬಿಯರಿನ ಅರ್ಧ ವಿದ್ಯೆ ಅಷ್ಟರಲ್ಲಿ ಅಡಗಿದೆ. ಉಳಿದರ್ಧಕ್ಕೆ ಒಲೆಯ ಪಕ್ಕದಲ್ಲಿ ಹುಳಿಯೇರುತ್ತಿರುವ ಅಂಬಲಿಯ ಗಡಿಗೆಯೇ ಪಾಠ ಹೇಳುತ್ತದೆ.